‘ನಮ್ಮ ರಕ್ತಕ್ಕೆ ಫ್ಲೂ ಲಸಿಕೆ ಹತ್ತುವುದಿಲ್ಲ’ ಎನ್ನುವ ಮೊದಲು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಫ್ಲೂ ಲಸಿಕೆಯ ಬಗ್ಗೆ ಒಂದು ಸಣ್ಣ ಸುದ್ದಿ ಬಂದಿತ್ತು. ಲಸಿಕೆ ಯಾರಿಗೆ ಎಷ್ಟು ಹತ್ತುತ್ತದೆ ಎನ್ನುವುದಕ್ಕೆ ವಂಶವಾಹಿಗಳೂ ಕಾರಣ ಅಂತ ಅದರ ಸಾರ. ಸುದ್ದಿ ತಪ್ಪಲ್ಲ. ಆದರೆ ಬೆಟಗೇರಿಯ ಒಂದು ಮನೆಯಲ್ಲಿ ಅದನ್ನು ಹೇಗೆ ಓದಿಕೊಂಡರು ಅಂತ ನಿಮಗೆ ತಿಳಿಸಬೇಕು. ಆ ಮನೆ ನನ್ನ ತಂಗಿಯದು. ಸುದ್ದಿಯನ್ನು ಕತ್ತರಿಸಿ ಅಡುಗೆಮನೆಯ ಕ್ಯಾಲೆಂಡರಿಗೆ ಪಿನ್ನು ಹಾಕಿ ಇಟ್ಟಿದ್ದಾರೆ. ತಂಗಿ ಫೋನಿನಲ್ಲಿ ಹೇಳಿದ ಮಾತು ಇದು: “ಅಕ್ಕಾ, ಪೇಪರ್‌ನ್ಯಾಗ ಬಂದೈತಿ ನೋಡು. ನಮ್ಮ ರಕ್ತಕ್ಕ ಆ ಸೂಜಿ ಹತ್ತೂದಿಲ್ಲ. ಸೊಸಿಗೂ ಬ್ಯಾಡ ಅಂತ ಹೇಳೇನಿ.”

ಸೊಸೆ ಬಸುರಿ, ಈಗ ಐದು ತಿಂಗಳು ತುಂಬಿ ಆರರಲ್ಲಿ ಬಿದ್ದಿದೆ. ಅದಕ್ಕೇ ಈ ಪತ್ರ.

ನಾವು ರಾಣೆಬೆನ್ನೂರು ತಾಲ್ಲೂಕಿನವರು. ಇಪ್ಪತ್ತೆರಡು ವರ್ಷದಿಂದ ಬೀಜದ ಪ್ಲಾಟು ಮಾಡುತ್ತಿದ್ದೇವೆ. ಟೊಮೆಟೊ, ಮೆಣಸಿನಕಾಯಿ, ಒಂದೆರಡು ವರ್ಷ ಬದನೆ. ಸಂಜೆ ಹೆಣ್ಣು ಗಿಡದ ಮೊಗ್ಗು ಬಿಡಿಸಿ ಗಂಡು ಕೇಸರ ಕೀಳುವುದು, ಬೆಳಿಗ್ಗೆ ಗಂಡು ಗಿಡದ ಪುಡಿ ಮುಟ್ಟಿಸುವುದು. ಈ ಕ್ರಾಸಿಂಗ್ ಕೆಲಸದಲ್ಲಿ ನನ್ನ ಕೈ ಪಳಗಿದೆ. ಓದಿದ್ದು ಏಳನೇ ತರಗತಿ. ಮಗಳು ಧಾರವಾಡದಲ್ಲಿ ಎಂ.ಎಸ್ಸಿ. ಓದಿ ಈಗ ಅಲ್ಲೇ ಒಂದು ಪ್ರಯೋಗಾಲಯದಲ್ಲಿದ್ದಾಳೆ. ಇಲ್ಲಿ ಬರೆದಿರುವ ಅಧ್ಯಯನಗಳನ್ನೆಲ್ಲ ಅವಳು ನನ್ನ ಎದುರು ಕೂತು ಓದಿ ಕನ್ನಡದಲ್ಲಿ ಹೇಳಿದವಳು. ಮೂರು ರವಿವಾರ ಹಿಡಿಯಿತು. ನನಗೆ ಗೊತ್ತಾಗುವವರೆಗೆ ನಾನು ಬಿಡಲಿಲ್ಲ.

ನಾನು ಮತ್ತು ತಂಗಿ ಅವಳಿ. ನನಗಿಂತ ಅರ್ಧ ಗಂಟೆಗೆ ಸಣ್ಣವಳು. ಡಿಎನ್‌ಎ ಪರೀಕ್ಷೆ ಮಾಡಿಸಿದವರಲ್ಲ, ಆದರೆ ಮುಖ ಒಂದೇ, ರಕ್ತದ ಗುಂಪು ಒಂದೇ, ಇಬ್ಬರಿಗೂ ಎಡಗಾಲಿನ ಎರಡನೇ ಬೆರಳು ಉದ್ದ. ಮದುವೆಯಲ್ಲಿ ನನ್ನ ಗಂಡನ ಕಡೆಯವರು ಅವಳಿಗೆ ಅರಿಶಿನ ಹಚ್ಚಲು ಹೋಗಿದ್ದರು. ಹತ್ತೊಂಬತ್ತಕ್ಕೆ ಇಬ್ಬರದೂ ಒಂದೇ ಚಪ್ಪರದಲ್ಲಿ ಮದುವೆ ಆಯಿತು. ಅವಳು ಬೆಟಗೇರಿಯ ನೇಕಾರರ ಓಣಿಗೆ ಹೋದಳು, ನಾನು ಹೊಲಕ್ಕೆ ಬಂದೆ. ನಮಗೀಗ 62.

ಹೋದ ವರ್ಷ ಕಾರ ಹುಣ್ಣಿಮೆ ಮುಗಿದ ವಾರ ಹಳೇ ಹುಬ್ಬಳ್ಳಿಯಲ್ಲಿ ನಮ್ಮ ತಮ್ಮನ ಹೊಸ ಮನೆಯ ವಾಸ್ತು ಇತ್ತು. ಎಲ್ಲರೂ ಸೇರಿದ್ದೆವು. ಮಾರನೇ ದಿನ ಮಗಳು ನಮ್ಮಿಬ್ಬರನ್ನೂ ಆಟೋ ಹತ್ತಿಸಿ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಒಂದೇ ಕುರ್ಚಿ, ಒಬ್ಬರಾದ ಮೇಲೆ ಒಬ್ಬರು, ಇಬ್ಬರಿಗೂ ಎಡತೋಳಿಗೆ ಫ್ಲೂ ಲಸಿಕೆ. ಇಬ್ಬರಿಗೂ ಸೇರಿ ಮೂರು ಸಾವಿರ ರೂಪಾಯಿ ದಾಟಿತು. ತಂಗಿ ದಾರಿಯುದ್ದಕ್ಕೂ ಆ ದುಡ್ಡಿನ ಲೆಕ್ಕವನ್ನೇ ಮಾಡಿದಳು.

ಗಣಪತಿ ಕಳಿಸಿದ ನಾಲ್ಕನೇ ದಿನ ತಂಗಿಗೆ ಜ್ವರ ಬಂತು. ಮೈಕೈ ಮುರಿತ, ಕೆಮ್ಮು, ಎದ್ದು ಕೂರಲಾಗದ ಸುಸ್ತು. ಗದಗಿನ ಒಂದು ಆಸ್ಪತ್ರೆಯಲ್ಲಿ ನಾಲ್ಕು ರಾತ್ರಿ. ಮೂಗು ಗಂಟಲಿನ ದ್ರವದ ಪರೀಕ್ಷೆಯಲ್ಲಿ ಫ್ಲೂ ಅಂತ ಬಂತು. ನಾನು ಮೂರನೇ ದಿನ ಹೋದೆ. ಬಾಗಿಲಲ್ಲಿ ನನ್ನನ್ನು ನೋಡಿ ನರ್ಸ್ ಬಾಯಿ ಗಾಬರಿಯಾದರು, ಒಳಗೆ ಮಲಗಿದವರು ಎದ್ದು ಹೊರಗೆ ಬಂದಿದ್ದಾರೆ ಅಂತ. ತಂಗಿಗೆ ಆಮ್ಲಜನಕ ಹಚ್ಚಿದ್ದರು. ನನ್ನದೇ ಮುಖ ಆ ಮಂಚದ ಮೇಲೆ ಮಲಗಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಹುಷಾರಾಗಿ ಮನೆಗೆ ಬಂದಳು. ಆವಾಗಿನಿಂದ ಓಣಿಯಲ್ಲಿ ಮಾತು ಶುರುವಾಯಿತು. ಲಸಿಕೆ ಹಾಕಿಸಿಕೊಂಡರೂ ಬಂತಲ್ಲ, ಮತ್ತ್ಯಾಕೆ ಹಾಕಿಸಿಕೊಳ್ಳಬೇಕು? ಔಷಧ ಅಂಗಡಿಯಲ್ಲಿ ಕೂತವರೊಬ್ಬರು “ಕೆಲವರ ಮೈಗೆ ಅದು ಒಗ್ಗೂದಿಲ್ಲ, ನಿಮ್ಮ ಮನಿತನದ್ದೇ ಹಂಗಿರಬೇಕು” ಅಂದರಂತೆ. ಅದರ ಮೇಲೆ ನಿಮ್ಮ ಸುದ್ದಿ ಬಂತು. ಮುಗೀತು, ತೀರ್ಮಾನವಾಯಿತು.

ನನ್ನ ಮೊದಲ ಮಾತು ಇಷ್ಟೇ. ಅವಳ ರಕ್ತಕ್ಕೆ ಹತ್ತುವುದಿಲ್ಲ ಅಂದರೆ ನನ್ನ ರಕ್ತಕ್ಕೂ ಹತ್ತಬಾರದು. ನಾವಿಬ್ಬರೂ ಒಂದೇ ರಕ್ತ. ನನಗೆ ಒಂದು ಶೀತವೂ ಆಗಲಿಲ್ಲ.

ಇದನ್ನು ಹೇಳಿ ಮಗಳ ಮುಂದೆ ನಾನು ಗೆದ್ದೆ ಅಂದುಕೊಂಡಿದ್ದೆ. ಅವಳು ತಕ್ಷಣ ತಿದ್ದಿದಳು. “ಅವ್ವಾ, ನಿನಗ ಬರಲಿಲ್ಲ ಅಂದ್ರ ನಿನ್ನ ಲಸಿಕಿ ಹತ್ತಿತು ಅಂತ ಅಲ್ಲ. ವೈರಸ್ಸು ನಿನ್ನ ತನಕ ಬಂದೇ ಇಲ್ಲೋ ಏನೋ.” ನಿಜ. ಆ ತಿಂಗಳು ನಾನು ದಿನವಿಡೀ ನೆಟ್ ಮನೆಯೊಳಗೆ ಐದು ಹೆಣ್ಣಾಳುಗಳ ಜೊತೆ ಇದ್ದೆ. ತಂಗಿಯ ಮನೆಗೆ ಹಬ್ಬಕ್ಕೆ ಓಣಿಯೇ ಬಂದು ಹೋಗಿತ್ತು. ಜ್ವರ ಬಂತೋ ಇಲ್ಲವೋ ಎನ್ನುವುದರಿಂದ ಲಸಿಕೆ ಹತ್ತಿತೋ ಇಲ್ಲವೋ ಅಂತ ಒಬ್ಬ ಮನುಷ್ಯನಲ್ಲಿ ಹೇಳಲಾಗುವುದಿಲ್ಲ. ಹಾಗೆಯೇ, ಲಸಿಕೆ ಇದ್ದದ್ದಕ್ಕೇ ತಂಗಿ ನಾಲ್ಕು ದಿನದಲ್ಲಿ ಎದ್ದಳು ಅಂತ ಹೇಳಲೂ ನನ್ನ ಹತ್ತಿರ ಪುರಾವೆ ಇಲ್ಲ. ಹೇಳುವ ಆಸೆ ಇದೆ, ಆದರೂ ಹೇಳುವುದಿಲ್ಲ.

ಹಾಗಾದರೆ ಹತ್ತಿತು ಅಂತ ತಿಳಿಯುವುದು ಹೇಗೆ? ರಕ್ತದಲ್ಲಿ ಪ್ರತಿಕಾಯ, ಅಂದರೆ ವೈರಸ್ಸನ್ನು ಹಿಡಿದು ತಡೆಯುವ ಪ್ರೋಟೀನು, ಎಷ್ಟು ಹುಟ್ಟಿದೆ ಅಂತ ಅಳೆಯುತ್ತಾರೆ. ಈ ಅಳತೆ ಹಳೆಯದು. 1941ರಲ್ಲಿ ಅಮೆರಿಕದ ಜಾರ್ಜ್ ಹರ್ಸ್ಟ್ ಎಂಬ ವಿಜ್ಞಾನಿ ಕೋಳಿಯ ಕೆಂಪು ರಕ್ತಕಣಗಳಿಗೆ ಫ್ಲೂ ವೈರಸ್ ಸೇರಿಸಿದರೆ ಅವು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಕಂಡರು. ಪ್ರತಿಕಾಯ ಇರುವ ರಕ್ತದ್ರವ ಹಾಕಿದರೆ ಅಂಟುವುದು ನಿಲ್ಲುತ್ತದೆ. ಆ ದ್ರವವನ್ನು ಹತ್ತು ಪಟ್ಟು, ಇಪ್ಪತ್ತು ಪಟ್ಟು, ನಲವತ್ತು ಪಟ್ಟು ತೆಳು ಮಾಡುತ್ತಾ ಹೋಗಬೇಕು. ಮಗಳು ಇದನ್ನು ಮಜ್ಜಿಗೆ ಇಟ್ಟುಕೊಂಡೇ ತೋರಿಸಿದಳು. ನೀರು ಹಾಕುತ್ತಾ ಹೋದರೂ ಎಲ್ಲಿಯವರೆಗೆ ಹುಳಿ ಗೊತ್ತಾಗುತ್ತದೆ, ಹಾಗೆ. ನಲವತ್ತು ಪಟ್ಟು ತೆಳುವಾದ ಮೇಲೂ ವೈರಸ್ಸನ್ನು ತಡೆದರೆ, ಸೋಂಕಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ. ಒಂದೇ ಲಸಿಕೆ ಕೊಟ್ಟ ಮೇಲೆ ಒಬ್ಬರಲ್ಲಿ ಈ ಅಳತೆ ಬಹಳ ಮೇಲೇರುತ್ತದೆ, ಇನ್ನೊಬ್ಬರಲ್ಲಿ ಏರುವುದೇ ಇಲ್ಲ. ಯಾಕೆ ಹೀಗೆ ಅಂತ ಹುಡುಕಿದವರು ಜೀನುಗಳ, ಅಂದರೆ ವಂಶವಾಹಿಗಳ, ಹತ್ತಿರ ಹೋದರು.

ಜೀನುಗಳಲ್ಲಿ ಕಾರಣ ಇದೆ. ಅದನ್ನು ಮುಚ್ಚಿಡಬಾರದು. ನಮ್ಮ ಆರನೇ ವರ್ಣತಂತುವಿನಲ್ಲಿ ಎಚ್‌ಎಲ್‌ಎ ಎಂಬ ಜೀನುಗಳ ಗುಂಪಿದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಮೆಣಸಿನಕಾಯಿ ತೆಗೆದು ಖರೀದಿದಾರರಿಗೆ ತೋರಿಸುತ್ತಾರಲ್ಲ, ಎಚ್‌ಎಲ್‌ಎ ಮಾಡುವುದು ಅದೇ ಕೆಲಸ. ಒಳಗೆ ಬಂದ ವೈರಸ್ಸಿನ ಅಥವಾ ಲಸಿಕೆಯ ಚೂರನ್ನು ಹಿಡಿದು, ಮೈ ಕಾಯುವ ಟಿ ಜೀವಕೋಶಗಳಿಗೆ ತೋರಿಸುವ ಕೈ ಅದು. ಈ ಕೈಯ ಆಕಾರ ಜನರಿಂದ ಜನರಿಗೆ ಬೇರೆ. ಕೆಲವು ಕೈಗಳು ಫ್ಲೂ ಚೂರನ್ನು ಗಟ್ಟಿ ಹಿಡಿಯುತ್ತವೆ, ಕೆಲವು ಸಡಿಲ. 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ಲಸಿಕೆ ಕೊಟ್ಟರೂ ಪ್ರತಿಕಾಯ ಏರದವರಲ್ಲಿ ಡಿಆರ್‌ಬಿ1*07 ಎಂಬ ಬಗೆಯ ಎಚ್‌ಎಲ್‌ಎ ಹೆಚ್ಚಾಗಿ ಕಂಡಿತು. 2013ರಲ್ಲಿ ಅಮೆರಿಕದ ವಿಜ್ಞಾನಿಗಳು ಲಸಿಕೆ ಪಡೆದ 247 ವಯಸ್ಕರನ್ನು ನೋಡಿ, ಜೀನಿನ ವ್ಯತ್ಯಾಸವೂ ಪ್ರತಿಕಾಯದ ಏರಿಳಿತವೂ ಒಂದಕ್ಕೊಂದು ತಳಕು ಹಾಕಿಕೊಂಡ 20 ಜೀನುಗಳನ್ನು ಗುರುತಿಸಿದರು. ಅವುಗಳಲ್ಲಿ ಹಲವು ಲಸಿಕೆಯ ಚೂರನ್ನು ಜೀವಕೋಶದೊಳಗೆ ಸಾಗಿಸುವ, ತುಂಡರಿಸಿ ಸಿದ್ಧಮಾಡುವ ಕೆಲಸದವು. ಇನ್ನೊಂದು ಜೀನು ಐಎಫ್‌ಐಟಿಎಂ3. ಅದರ ಒಂದು ರೂಪ ಇದ್ದವರಿಗೆ ಫ್ಲೂ ಬಂದರೆ ಜೋರಾಗಿ ಬರುವ ಸಾಧ್ಯತೆ ಹೆಚ್ಚು ಅಂತ 2012ರಲ್ಲೇ ತೋರಿಸಿದ್ದರು.

ಇಷ್ಟು ಕೇಳಿದಾಗ ನನಗೂ ಎದೆ ಧಸಕ್ ಅಂದಿತ್ತು. ತಂಗಿ ಹೇಳಿದ್ದೇ ಸರಿಯೇನೋ ಅನ್ನಿಸಿತು.

ಆಮೇಲೆ ಮಗಳು ಅವಳಿಗಳ ಅಧ್ಯಯನ ಓದಿದಳು. ಅದು 2015ರದ್ದು, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು. ಎಂಟು ವರ್ಷದ ಮಕ್ಕಳಿಂದ ಹಿಡಿದು 82ರ ಮುದುಕರವರೆಗೆ 210 ಮಂದಿ ಅವಳಿಗಳು. ಅವರಲ್ಲಿ ನಮ್ಮಂಥ ಒಂದೇ ಅಂಡದವರೂ, ಅಂದರೆ ಜೀನುಗಳು ಒಂದೇ ಇರುವವರೂ ಇದ್ದರು, ಎರಡು ಅಂಡದವರೂ ಇದ್ದರು. ರೋಗ ತಡೆಯುವ ವ್ಯವಸ್ಥೆಯಲ್ಲಿ 204 ಅಂಶಗಳನ್ನು ಅಳೆದರು. ಲೆಕ್ಕ ಸರಳ. ಎಲ್ಲವೂ ಜೀನಿನಿಂದಲೇ ಆಗುವುದಾದರೆ ಒಂದೇ ಅಂಡದ ಅವಳಿಗಳ ಅಳತೆಗಳು, ಎರಡು ಅಂಡದವರಿಗಿಂತ ಜಾಸ್ತಿ ಹೊಂದಬೇಕು. ನೂರಕ್ಕೆ 77 ಅಂಶಗಳಲ್ಲಿ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಭಾಗ ಜೀನಿನಿಂದ ಬಂದದ್ದಲ್ಲ ಅಂತ ಕಂಡಿತು. ಅದೇ ಅಧ್ಯಯನದಲ್ಲಿ ಫ್ಲೂ ಲಸಿಕೆಯನ್ನೂ ಕೊಟ್ಟು ನೋಡಿದ್ದರು. ಲಸಿಕೆಗೆ ಹುಟ್ಟಿದ ಪ್ರತಿಕಾಯದಲ್ಲಿ ವಂಶದ ಪಾಲು ಅಳತೆಗೆ ಸಿಗುವಷ್ಟೂ ಇರಲಿಲ್ಲ.

ನಾನು ಅದನ್ನು ಎರಡು ಸಲ ಓದಿಸಿದೆ.

ಯಾಕಿರಬಹುದು ಅಂದರೆ, ಫ್ಲೂ ನಮ್ಮ ಮೈಗೆ ಹೊಸದಲ್ಲ. ಚಿಕ್ಕಂದಿನಿಂದ ಎಷ್ಟೋ ಸಲ ಬಂದು ಹೋಗಿದೆ. ಯಾವ ತಳಿ, ಯಾವ ವಯಸ್ಸಿನಲ್ಲಿ, ಎಷ್ಟು ಸಲ ಎಂಬುದರ ಮೇಲೆ ಮೈ ತನ್ನದೇ ನೆನಪು ಕಟ್ಟಿಕೊಂಡಿರುತ್ತದೆ. ಲಸಿಕೆ ಹೋಗಿ ಆ ನೆನಪನ್ನು ತಟ್ಟುತ್ತದೆ. ಇದನ್ನು ಹೆಪಟೈಟಿಸ್ ಬಿ ಲಸಿಕೆಯ ಜೊತೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಆ ವೈರಸ್ಸನ್ನು ಹೆಚ್ಚಿನವರ ಮೈ ಯಾವತ್ತೂ ಕಂಡಿರುವುದಿಲ್ಲ. ಜರ್ಮನಿಯಲ್ಲಿ ಅವಳಿಗಳಿಗೆ ಆ ಲಸಿಕೆ ಕೊಟ್ಟು ನೋಡಿದಾಗ, ಪ್ರತಿಕಾಯದ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 60 ಪಾಲು ವಂಶದ್ದು ಅಂತ ಬಂದಿತ್ತು. ಹೊಸದಾಗಿ ಕಾಣುವಾಗ ಜೀನಿನ ಕೈ ಮೇಲು. ಹತ್ತಾರು ಸಲ ಕಂಡದ್ದರಲ್ಲಿ ಬದುಕಿನ ಕೈ ಮೇಲು. ಹಾಗಾಗಿ ‘ಲಸಿಕೆ’ ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಮಾತಾಡಬಾರದು.

ನಮ್ಮ ಕಡೆ ಇದನ್ನು ಅರ್ಥ ಮಾಡಿಸುವುದು ಕಷ್ಟವೇನಲ್ಲ. ಒಂದೇ ಪ್ಯಾಕೆಟ್ಟಿನ ಬೀಜವನ್ನು ಅರ್ಧ ಎರಿ ಹೊಲಕ್ಕೆ, ಅರ್ಧ ಮಸಾರಿ ಹೊಲಕ್ಕೆ ಹಾಕಿ. ಸಸಿ ಮಡಿಯಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಮೂರು ತಿಂಗಳು ಬಿಟ್ಟು ಬಂದು ನೋಡಿ, ಒಂದೇ ತಳಿ ಅಂತ ಯಾರೂ ಹೇಳಲ್ಲ. ಸ್ಟ್ಯಾನ್‌ಫರ್ಡಿನ ಆ ಅವಳಿಗಳ ಅಧ್ಯಯನದಲ್ಲೂ ಹಾಗೇ ಆಗಿತ್ತು. ಎಳೆಯ ಅವಳಿಗಳಿಗಿಂತ ವಯಸ್ಸಾದ ಅವಳಿಗಳಲ್ಲಿ ವ್ಯತ್ಯಾಸ ಜಾಸ್ತಿ. ಸಿಎಂವಿ ಅಂತ ಒಂದು ವೈರಸ್ ಇದೆ, ಸದ್ದಿಲ್ಲದೆ ಮೈ ಸೇರಿ ಜೀವಮಾನವಿಡೀ ಉಳಿಯುವಂಥದ್ದು. ಒಂದೇ ಅಂಡದ ಅವಳಿಗಳಲ್ಲಿ ಒಬ್ಬರಿಗೆ ಅದು ಸೇರಿ ಇನ್ನೊಬ್ಬರಿಗೆ ಸೇರದಿದ್ದರೆ, ಅಷ್ಟಕ್ಕೇ ಅಳೆದ ಅಂಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬದಲಾಗಿದ್ದವು. ನಾನು ಮತ್ತು ತಂಗಿ ಬೇರೆಯಾಗಿ 43 ವರ್ಷ ಆಯಿತು. ಅವಳದು ಮಗ್ಗದ ಮನೆ, ತುಂಬಿದ ಓಣಿ. ಅವಳಿಗೆ ಹನ್ನೊಂದು ವರ್ಷದಿಂದ ಶುಗರ್ ಇದೆ, ನನಗಿಲ್ಲ. ಮೈದುನನ ಕಾಯಿಲೆಯಲ್ಲಿ ಎರಡು ವರ್ಷ ಸರಿಯಾಗಿ ನಿದ್ದೆ ಮಾಡಿದವಳಲ್ಲ. ಇವುಗಳಲ್ಲಿ ಯಾವುದರಿಂದ ಹೀಗಾಯಿತು ಅಂತ ಬೆರಳಿಟ್ಟು ತೋರಿಸಲಾರೆ. ಆದರೆ ಶುಗರ್ ಇದ್ದವರಿಗೆ ಫ್ಲೂ ಜೋರಾಗುವ ಅಪಾಯ ಹೆಚ್ಚು ಅಂತ ವೈದ್ಯರು ಮೊದಲಿನಿಂದ ಹೇಳುತ್ತಿದ್ದಾರೆ. ಅದಕ್ಕೇ ಲಸಿಕೆ ಬೇಕಾದವರ ಪಟ್ಟಿಯಲ್ಲಿ ಅವರ ಹೆಸರು ಇದೆ.

ಇನ್ನು ಸೊಸೆಯ ವಿಷಯ. ಅವಳು ಹೊರಗಿನವಳಲ್ಲ, ನಮ್ಮ ತಮ್ಮನ ಮಗಳೇ. ಸೋದರಮಾವನ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ರೂಢಿ. ಅದಕ್ಕೇ ತಂಗಿ “ಒಂದೇ ರಕ್ತ” ಅಂತಾಳೆ. ಆದರೆ ಎಚ್‌ಎಲ್‌ಎ ಜೀನುಗಳು ಒಂದು ಕಂತೆ ಅಪ್ಪನಿಂದ, ಒಂದು ಕಂತೆ ಅವ್ವನಿಂದ ಬರುತ್ತವೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ-ತಮ್ಮನಲ್ಲೂ ಎರಡೂ ಕಂತೆ ಒಂದೇ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ನಮ್ಮ ತಮ್ಮನಿಗೇ ನಮ್ಮ ಕಂತೆ ಬಂದಿದೆಯೋ ಇಲ್ಲವೋ. ಅವನ ಮಗಳಿಗೆ ಅರ್ಧ ಅವಳ ಅವ್ವನ ಕಡೆಯಿಂದ ಬಂದಿದೆ, ಅವರು ಕುಂದಗೋಳದವರು. ಹೈಬ್ರಿಡ್ ಕಾಯಿಯ ಬೀಜ ಉಳಿಸಿ ಮರುವರ್ಷ ಬಿತ್ತಿದರೆ ಒಂದೊಂದು ಗಿಡ ಒಂದೊಂದು ಥರ ಏಳುತ್ತದೆ ಅಂತ ನಮ್ಮ ಹೊಲದ ಹೆಣ್ಣಾಳಿಗೂ ಗೊತ್ತು. ಮನೆತನದ ರಕ್ತ ಅಂದರೆ ಒಂದೇ ಬಣ್ಣದ ನೀರಲ್ಲ.

ಬಸುರಿಗೆ ಈ ಲಸಿಕೆ ಯಾಕೆ ಬೇಕು ಅಂತ ತಂಗಿ ಕೇಳಿದ್ದಳು. ಬಸುರಿಯರಲ್ಲಿ ಫ್ಲೂ ಬಂದರೆ ಗಂಭೀರವಾಗುವ ಅಪಾಯ ಜಾಸ್ತಿ. ಫ್ಲೂ ಲಸಿಕೆ ಕೊಡುವಾಗ ಬಸುರಿಯರಿಗೆ ಮೊದಲ ಆದ್ಯತೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೇ ಹೇಳಿದೆ. ಇನ್ನೊಂದು ದೊಡ್ಡ ಕಾರಣ ಮಗು. ಹುಟ್ಟಿದ ಮಗುವಿಗೆ ಆರು ತಿಂಗಳು ತುಂಬುವವರೆಗೆ ಫ್ಲೂ ಲಸಿಕೆ ಕೊಡುವಂತಿಲ್ಲ. ಆ ಆರು ತಿಂಗಳು ಅದಕ್ಕೆ ಸಿಗುವುದು ಅವ್ವನ ಪ್ರತಿಕಾಯ ಮಾತ್ರ. ಅದು ಹೊಟ್ಟೆಯಲ್ಲಿರುವಾಗಲೇ ಮಾಸಿನ ಮೂಲಕ ಇಳಿದು ಬರುತ್ತದೆ. ತೋಳಿಗೆ ಚುಚ್ಚುವ ಈ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರುವುದಿಲ್ಲ. ತೋಳು ಎರಡು ದಿನ ನೋಯುತ್ತದೆ, ಕೆಲವರಿಗೆ ಮೈ ಬಿಸಿಯಾಗುತ್ತದೆ. ನನಗೆ ತೋಳು ನೋಯಿತು. ತಂಗಿಗೆ ಅದೂ ಇಲ್ಲ.

ಲಸಿಕೆ ನೂರಕ್ಕೆ ನೂರು ಕಾಪಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಓಡಾಡುವ ವೈರಸ್ಸಿಗೂ ಲಸಿಕೆಯ ತಳಿಗೂ ಹೊಂದಿಕೆಯಾದ ವರ್ಷ, ಡಾಕ್ಟರ ಹತ್ತಿರ ಹೋಗಬೇಕಾಗುವಂಥ ಫ್ಲೂ ಬರುವ ಅಪಾಯ ನೂರಕ್ಕೆ 40ರಿಂದ 60ರಷ್ಟು ಇಳಿಯುತ್ತದೆ. ಹೊಂದಿಕೆಯಾಗದ ವರ್ಷ ಇನ್ನೂ ಕಡಿಮೆ. ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರುವರಿಯಲ್ಲಿ ಮತ್ತು ಸೆಪ್ಟೆಂಬರಿನಲ್ಲಿ, ಮುಂದಿನ ಲಸಿಕೆಗೆ ಯಾವ ತಳಿ ಹಾಕಬೇಕು ಅಂತ ತಿಳಿಸುತ್ತದೆ. ಬೀಜ ಹಾಕುವ ನಮಗೆ ಇದರಲ್ಲಿ ಅಚ್ಚರಿಯಿಲ್ಲ. ರೋಗ ತಡೆಯುವ ತಳಿ ಅಂತ ಕೊಟ್ಟ ಬೀಜವೂ ಯಾವಾಗಲೂ ಪೂರ್ತಿ ತಡೆಯುವುದಿಲ್ಲ. ಹಾಗಂತ ಆ ಬೀಜವನ್ನು ಯಾರೂ ತಿಪ್ಪೆಗೆ ಎಸೆಯಲ್ಲ.

ಪ್ರತಿಕಾಯ ಕಡಿಮೆ ಹುಟ್ಟುವವರಿಗೆ ಮದ್ದನ್ನೇ ಬದಲಿಸಿ ನೋಡಿದ್ದಾರೆ. ಸಾಮಾನ್ಯ ಲಸಿಕೆಯಲ್ಲಿ ಪ್ರತಿ ತಳಿಯ ಮುಖ್ಯ ಪ್ರೋಟೀನು 15 ಮೈಕ್ರೋಗ್ರಾಂ ಇರುತ್ತದೆ. ವಯಸ್ಸಾದವರಿಗೆ ಅಂತ ಮಾಡಿದ ಲಸಿಕೆಯಲ್ಲಿ 60 ಇರುತ್ತದೆ. ವಯಸ್ಸು 65 ದಾಟಿದ ಸುಮಾರು 32,000 ಜನರಲ್ಲಿ ಎರಡನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬಂತು. ಹೆಚ್ಚಿನ ಪ್ರಮಾಣದ ಲಸಿಕೆ ಪಡೆದವರಲ್ಲಿ ಫ್ಲೂ ನೂರಕ್ಕೆ ಸುಮಾರು 24 ಕಡಿಮೆ. ಮೈ ಮಂದವಾಗಿ ಸ್ಪಂದಿಸಿದರೆ ಇನ್ನೂ ಜೋರಾಗಿ ಬಾಗಿಲು ಬಡಿಯಬೇಕು ಅಂತ ಅವರು ಯೋಚಿಸಿದರು. ಬಾಗಿಲು ಮುಚ್ಚಿಕೊಂಡು ಕೂರಿ ಅಂತ ಯಾರೂ ಹೇಳಲಿಲ್ಲ.

ನಾನು ಹೇಳಿದ 2013ರ ಆ ಅಧ್ಯಯನದಲ್ಲಿ ಇದ್ದವರು ಯುರೋಪಿಯನ್ ಮೂಲದವರು. ಅಲ್ಲಿ ಸಿಕ್ಕ ಜೀನು ನಮ್ಮ ಹಾವೇರಿ ಜಿಲ್ಲೆಯವರಲ್ಲೂ ಅದೇ ಕೆಲಸ ಮಾಡುತ್ತದೆ ಅಂತ ಹಾಗೇ ಎತ್ತಿ ಹೇಳಲಾಗದು. ನಮ್ಮ ದೇಶದಲ್ಲೂ ಜೀನೋಮ್ ಇಂಡಿಯಾ ಅಂತ 10,000 ಜನರ ವಂಶವಾಹಿಗಳನ್ನು ಓದುವ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಅದರಲ್ಲಿ ಮುಂದೆ ನಿಂತಿದ್ದರು. ಆ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿದ್ದಾರೆ. ಮಗಳು ಈ ಮಾತು ಹೇಳುವಾಗ ಅವಳ ಮುಖ ನೋಡಬೇಕಿತ್ತು. ನಮ್ಮ ಜನರ ಮೈಗೆ ಯಾವ ಲಸಿಕೆ ಹೇಗೆ ಹತ್ತುತ್ತದೆ ಅಂತ ನಮ್ಮವರೇ ಕೂತು ನೋಡುವ ದಿನ ಬರಲಿ ಅಂತ ನನಗೂ ಆಸೆ.

ನಿಮ್ಮಲ್ಲಿ ಎರಡು ಮಾತು ಕೇಳಿಕೊಳ್ಳುತ್ತೇನೆ. ಇಂಥ ಸುದ್ದಿ ಹಾಕುವಾಗ ಕೆಳಗೆ ಇನ್ನೆರಡು ಸಾಲು ಸೇರಿಸಿ. ಜೀನು ಒಂದು ಕಾರಣ. ವಯಸ್ಸು, ಶುಗರ್, ಹಿಂದೆ ಬಂದ ಫ್ಲೂ ಇವೂ ಕಾರಣ. ಜೀನಿನ ಹೆಸರಲ್ಲಿ ಲಸಿಕೆ ಬಿಡಬೇಡಿ, ವೈದ್ಯರನ್ನು ಕೇಳಿ. ಎರಡು ಸಾಲು ಜಾಗ ಇಲ್ಲದಿದ್ದರೆ ಶೀರ್ಷಿಕೆ ಸಣ್ಣದು ಮಾಡಿ. ಓಣಿಯಲ್ಲಿ ಪತ್ರಿಕೆಯನ್ನು ಒಬ್ಬರು ಓದಿ ಹತ್ತು ಮಂದಿಗೆ ಹೇಳುತ್ತಾರೆ, ಹೇಳುವಾಗ ಶೀರ್ಷಿಕೆ ಮಾತ್ರ ಉಳಿಯುತ್ತದೆ.

ಇನ್ನೊಂದು ಮಾತು ದುಡ್ಡಿನದು. ಮಕ್ಕಳಿಗೆ, ಬಸುರಿಯರಿಗೆ ಸರಕಾರ ಪುಕ್ಕಟೆ ಕೊಡುವ ಲಸಿಕೆಗಳ ರಾಷ್ಟ್ರೀಯ ಪಟ್ಟಿಯಲ್ಲಿ ಫ್ಲೂ ಲಸಿಕೆ ಇಲ್ಲ. ಒಬ್ಬರಿಗೆ ಸಾವಿರದೈನೂರರ ಮೇಲೆ ಕೊಟ್ಟು ಪ್ರತಿವರ್ಷ ಹಾಕಿಸಿಕೊಳ್ಳುವುದು ನಮ್ಮ ಹೊಲದಲ್ಲಿ ಕ್ರಾಸಿಂಗ್ ಮಾಡುವ ಹೆಣ್ಣಾಳಿಗೆ ಆಗುವ ಮಾತಲ್ಲ. ಮಗ್ಗದ ಮನೆಗೂ ಅಲ್ಲ. “ನಮ್ಮ ರಕ್ತಕ್ಕ ಹತ್ತೂದಿಲ್ಲ” ಎನ್ನುವ ಮಾತಿನ ಹಿಂದೆ ಎಷ್ಟೋ ಸಲ ಈ ದುಡ್ಡಿನ ಚಿಂತೆಯೂ ಇರುತ್ತದೆ. ಬಾಯಿ ಬಿಟ್ಟು ಹೇಳಲು ಸಂಕೋಚ, ಅಷ್ಟೇ. ತಾಲ್ಲೂಕು ಆಸ್ಪತ್ರೆಯಲ್ಲಿ ಬಸುರಿಯರಿಗೆ, 60 ದಾಟಿದವರಿಗೆ, ಶುಗರ್ ಇದ್ದವರಿಗೆ ಮಳೆಗಾಲದ ಮೊದಲೇ ಇದನ್ನು ಪುಕ್ಕಟೆ ಕೊಡಬೇಕು. ನಮ್ಮ ಗದಗ, ಹಾವೇರಿ, ಧಾರವಾಡ ಜಿಲ್ಲೆಯ ಶಾಸಕರು ಇದನ್ನು ಕೇಳುವಂತೆ ನೀವು ಬರೆಯಿರಿ.

ಸೊಸೆಗೆ ಬರುವ ಗುರುವಾರ ಗದಗಿನಲ್ಲಿ ತಪಾಸಣೆ ಇದೆ. ನಾನೂ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಡಾಕ್ಟರು ಏನು ಹೇಳುತ್ತಾರೋ ಅದನ್ನು ತಂಗಿ ನನ್ನ ಎದುರೇ ಕೇಳಲಿ ಅಂತ ಅವಳನ್ನೂ ಒಪ್ಪಿಸಿದ್ದೇನೆ. ಸೊಸೆಯ ಸೂಜಿಗೆ ದುಡ್ಡು ನನ್ನ ಟೊಮೆಟೊ ಬೀಜದ ದುಡ್ಡಿನಿಂದ ಕೊಡುತ್ತೇನೆ ಅಂತಲೂ ಹೇಳಿದ್ದೇನೆ. ಈ ಪತ್ರ ಅಷ್ಟರೊಳಗೆ ಅಚ್ಚಾದರೆ, ಕ್ಯಾಲೆಂಡರಿನ ಆ ಪಿನ್ನಿಗೆ ಇದನ್ನೂ ಸೇರಿಸಿ ಬರುತ್ತೇನೆ.

ಹೆಸರು ಹಾಕಬೇಡಿ, ತಂಗಿಗೆ ಬೇಜಾರಾಗುತ್ತದೆ.

ಇಂತಿ,
ನಿಮ್ಮ ಒಬ್ಬ ಓದುಗರು,
ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ